ಹೊಟ್ಟೆಯ ಚೀಲ ತೆಗೆದ ಮೇಲೆ: ಗಂಜಿ, ಕಕ್ಕಸು ಮತ್ತು ಒಂದಿಷ್ಟು ಇತಿಹಾಸ

1986ರ ಫೆಬ್ರವರಿ 6ರಂದು ಪೋಪ್ ಎರಡನೆಯ ಜಾನ್ ಪಾಲ್ ಗೋವೆಗೆ ಬಂದಿದ್ದರು. ಪಣಜಿಯಲ್ಲಿ ದೊಡ್ಡ ಪೂಜೆ ನಡೆಯಿತು, ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಾಧಿಯ ಮುಂದೆ ಅವರು ಪ್ರಾರ್ಥಿಸಿದರು. ಇಲ್ಲಿನ ಹಿರಿಯರು ಈಗಲೂ ಆ ದಿನದ ಜನಜಂಗುಳಿಯ ಮಾತು ತೆಗೆಯುತ್ತಾರೆ. ಆದರೆ ಅಂದು ಅಷ್ಟು ಲವಲವಿಕೆಯಿಂದ ಕೈಬೀಸಿದ ಆ ಮನುಷ್ಯ ನಾಲ್ಕೂವರೆ ವರ್ಷದ ಹಿಂದೆ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡು ಮಲಗಿದ್ದರು ಎಂಬುದು ಆ ಗುಂಪಿನಲ್ಲಿ ಎಷ್ಟು ಜನರಿಗೆ ನೆನಪಿತ್ತೋ!

ಈ ಸಲ ನಾವು ಬರೆಯಹೊರಟಿರುವುದು ಆ ಚೀಲದ ಬಗ್ಗೆ, ಮುಖ್ಯವಾಗಿ ಅದನ್ನು ತೆಗೆದ ಮೇಲಿನ ದಿನಗಳ ಬಗ್ಗೆ. ಇತಿಹಾಸದ ಪಾಠದಲ್ಲಿ ಕಕ್ಕಸಿನ ಮಾತೇಕೆ ಎಂದು ಕೆಲವರು ಮೂಗು ಮುರಿಯಬಹುದು. ರಾಜರ ವಂಶಾವಳಿ ಬಾಯಿಪಾಠ ಮಾಡಿಸುವ ನಾವು ಮೇಷ್ಟ್ರುಗಳು ಮನುಷ್ಯನ ಹೊಟ್ಟೆಯ ಇತಿಹಾಸ ಹೇಳುವುದೇ ಇಲ್ಲ. ಝುವಾರಿನಗರ, ಬೈನಾ, ವಾಸ್ಕೋ, ಮಾಪುಸಾ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಇದು ಇಂದಿಗೂ ನಡೆಯುತ್ತಿರುವ ಇತಿಹಾಸ. ಟೈಫಾಯಿಡ್ ಜ್ವರ ಬಂದು ಕರುಳು ತೂತಾದ ಕೂಲಿಯವರು, ಕರುಳಿನ ಕ್ಷಯ ಹಿಡಿದ ಹೆಣ್ಣುಮಕ್ಕಳು, ಗುದದ ಬಳಿ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡವರು, ಹುಟ್ಟುವಾಗಲೇ ಮಲದ್ವಾರವಿಲ್ಲದ ಕೂಸುಗಳು, ಹೀಗೆ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಆಪರೇಷನ್ನಿಗೆ ಸೇರುತ್ತಾರೆ.

ಮೊದಲು ಆಪರೇಷನ್ ಏನೆಂದು ತಿಳಿಯೋಣ. ಕರುಳಿನ ಒಂದು ಕಡೆ ಕೊಳೆತಿದ್ದರೆ ಅಥವಾ ಹರಿದಿದ್ದರೆ ವೈದ್ಯರು ಆ ಭಾಗವನ್ನು ಕತ್ತರಿಸುತ್ತಾರೆ. ಹೊಸ ಹೊಲಿಗೆ ಮೇಲೆ ತಕ್ಷಣ ಮಲ ಹರಿದರೆ ಅದು ಬಿಚ್ಚಿಕೊಳ್ಳುವ ಭಯ. ಆದ್ದರಿಂದ ಕರುಳಿನ ತುದಿಯನ್ನೋ ಮಡಿಕೆಯನ್ನೋ ಹೊಟ್ಟೆಯ ಗೋಡೆಯ ಮೂಲಕ ಹೊರಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಆ ಬಾಯಿಗೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಬಾಯಿ ಎಂದೇ ಅರ್ಥ. ಮಲ ಅಲ್ಲಿಂದ ಚೀಲಕ್ಕೆ ಬೀಳುತ್ತದೆ. ಕೆಲವರಿಗೆ ಇದು ಕಾಯಂ. ಇನ್ನು ಕೆಲವರಿಗೆ ಎರಡು ಮೂರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ ಒಳಗಿನ ಹೊಲಿಗೆ ಕೂಡಿದೆಯೇ ಎಂದು ನೋಡಿ ಕರುಳನ್ನು ಮತ್ತೆ ಜೋಡಿಸಿ ಒಳಗೆ ಬಿಡುತ್ತಾರೆ. ನಮ್ಮ ಜನ ಇದಕ್ಕೆ "ಚೀಲ ತೆಗೆಯೋ ಆಪರೇಷನ್" ಎನ್ನುತ್ತಾರೆ. ಆ ಹೆಸರೇ ನಮಗೆ ಚೆನ್ನಾಗಿ ಕಾಣುತ್ತದೆ.

ಕರುಳಿಗೆ ಕೈ ಹಾಕಿದ ಮೊದಲಿಗರಲ್ಲಿ ನಮ್ಮವರೂ ಇದ್ದಾರೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕರುಳು ಕಟ್ಟಿದ ಮತ್ತು ತೂತಾದ ರೋಗಿಯ ಹೊಟ್ಟೆಯನ್ನು ಹೊಕ್ಕುಳ ಕೆಳಗೆ ಎಡಭಾಗದಲ್ಲಿ ಸೀಳಿ, ಕರುಳನ್ನು ಹೊರತೆಗೆದು, ಅಡ್ಡವಾದ ಕಲ್ಲು ಕೂದಲುಗಳನ್ನು ತೆಗೆಯುವ ವಿಧಾನವಿದೆ. ತೂತಾದ ಕಡೆ ಅಂಚುಗಳನ್ನು ಕೂಡಿಸಿ ಕರಿ ಇರುವೆಗಳಿಂದ ಕಚ್ಚಿಸಿ, ಅವುಗಳ ದೇಹ ಕಿತ್ತು ತಲೆಯನ್ನಷ್ಟೇ ಉಳಿಸಬೇಕಂತೆ. ಇರುವೆಯ ದವಡೆಯೇ ಹೊಲಿಗೆ! ಮಕ್ಕಳಿಗೆ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ನಮಗೆ ಇಲ್ಲಿ ಬೇಕಾದದ್ದು ಅದರ ಮುಂದಿನ ಮಾತು. ಆಪರೇಷನ್ ಆದ ರೋಗಿಯನ್ನು ಗಾಳಿ ಬೀಸದ ಕೋಣೆಯಲ್ಲಿಟ್ಟು, ಹಾಲಿನ ಆಹಾರದಲ್ಲೇ ಇರಿಸಬೇಕು ಎನ್ನುತ್ತಾನೆ ಸುಶ್ರುತ. ಕತ್ತಿ ಕೆಳಗಿಟ್ಟ ಮೇಲೂ ಚಿಕಿತ್ಸೆ ಮುಗಿದಿಲ್ಲ ಎಂಬುದು ಆ ಕಾಲಕ್ಕೇ ಗೊತ್ತಿತ್ತು. ಆದರೆ ಕರುಳನ್ನು ಹೊರಗೆ ತಂದು ಬಾಯಿ ಮಾಡುವ ಮಾತು ಅಲ್ಲಿಲ್ಲ. ಅದು ಯುರೋಪಿನ ಕಥೆ.

1710ರಲ್ಲಿ ಅಲೆಕ್ಸಿ ಲಿತ್ರೇ ಎಂಬ ಫ್ರೆಂಚ್ ವೈದ್ಯ, ಮಲದ್ವಾರವಿಲ್ಲದೆ ತೀರಿಹೋದ ಕೂಸಿನ ಶವ ನೋಡಿ, ಹೀಗೊಂದು ಬಾಯಿ ತೆರೆದಿದ್ದರೆ ಉಳಿಸಬಹುದಿತ್ತಲ್ಲ ಎಂದು ಯೋಚಿಸಿದ. 1776ರಲ್ಲಿ ರುವಾಂ ಪಟ್ಟಣದ ಪಿಲೋರ್ ಎಂಬುವನು ಒಬ್ಬ ದ್ರಾಕ್ಷಾರಸದ ವ್ಯಾಪಾರಿಗೆ ನಿಜವಾಗಿ ಮಾಡಿಯೇ ಬಿಟ್ಟ. ಆಪರೇಷನ್ ಫಲಿಸಿತು, ಆದರೆ ರೋಗಿ 28ನೆಯ ದಿನ ಸತ್ತ. ಕಾರಣ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಟ್ಟಿದ ಕರುಳನ್ನು ಬಿಡಿಸಲೆಂದು ಮೊದಲೇ ಅವನಿಗೆ ಸುಮಾರು ಎರಡು ಪೌಂಡು ಪಾದರಸ ಕುಡಿಸಿದ್ದರು. ಅದು ಕರುಳಿನಲ್ಲೇ ಉಳಿದು ಕರುಳನ್ನು ಹಾಳುಮಾಡಿತ್ತು. 1793ರಲ್ಲಿ ಬ್ರೆಸ್ಟ್ ಬಂದರಿನ ದ್ಯುರೇ ಎಂಬ ವೈದ್ಯ ಹುಟ್ಟಿ ಮೂರು ದಿನದ ಮಗುವಿಗೆ ಹೊಟ್ಟೆಯ ಎಡಗಡೆ ಬಾಯಿ ತೆರೆದ. ಮೊದಲು ಸತ್ತ ಮಗುವೊಂದರ ದೇಹದ ಮೇಲೆ ಅಭ್ಯಾಸ ಮಾಡಿಕೊಂಡು ಬಂದಿದ್ದನಂತೆ. ಫ್ರಾನ್ಸಿನಲ್ಲಿ ಅರಸನ ತಲೆ ಉರುಳಿದ ವರ್ಷ ಅದು! ಆ ಮಗು ಬದುಕಿತು, 45 ವರ್ಷ ಬದುಕಿತು.

ತೆರೆಯುವುದು ಆಯಿತು, ಮುಚ್ಚುವುದು? ಅದು ಇನ್ನೂ ಕಷ್ಟ. ಹೊರಬಂದ ಕರುಳನ್ನು ಹೊಲಿದು ಒಳಗೆ ಬಿಟ್ಟರೆ ಹೊಲಿಗೆ ಸೋರಿ ಹೊಟ್ಟೆಯೆಲ್ಲ ಕೀವಾಗಿ ರೋಗಿ ಸಾಯುತ್ತಿದ್ದ. ಪ್ಯಾರಿಸ್ಸಿನ ದ್ಯುಪುಯ್ತ್ರಾಂ ಎಂಬ ಹೆಸರಾಂತ ಶಸ್ತ್ರವೈದ್ಯ 19ನೆಯ ಶತಮಾನದ ಆರಂಭದಲ್ಲಿ ಇಕ್ಕಳದಂಥ ಒಂದು ಉಪಕರಣ ಮಾಡಿದ. ಅಕ್ಕಪಕ್ಕದ ಎರಡು ಕರುಳಿನ ನಡುವಿನ ಗೋಡೆಯನ್ನು ಅದು ದಿನದಿನವೂ ಬಿಗಿಯಾಗಿ ಒತ್ತುತ್ತ ಕೊನೆಗೆ ಕೊಯ್ದುಹಾಕುತ್ತಿತ್ತು. ಮಲಕ್ಕೆ ಒಳದಾರಿ ಸಿಗುತ್ತಿತ್ತು. 1826ರಲ್ಲಿ ಲಾಂಬೇರ್ ಎಂಬುವನು ಕರುಳಿನ ಅಂಚನ್ನು ಒಳಮಡಚಿ ಹೊರಪೊರೆಗೆ ಹೊರಪೊರೆ ತಾಗುವಂತೆ ಹೊಲಿಯಬೇಕು, ಆಗ ಅದು ಬೇಗ ಅಂಟಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟ. ಇಂದಿಗೂ ಆ ಹೊಲಿಗೆಗೆ ಅವನ ಹೆಸರಿದೆ. ಅರಿವಳಿಕೆ, ಕ್ರಿಮಿನಾಶಕ, ರಕ್ತ ಕೊಡುವುದು, ಪೆನ್ಸಿಲಿನ್ ಇವೆಲ್ಲ ಒಂದೊಂದಾಗಿ ಬಂದ ಮೇಲೆ, ಎರಡನೆಯ ಮಹಾಯುದ್ಧದ ಹೊತ್ತಿಗೆ, ಹೊಟ್ಟೆಗೆ ಗುಂಡು ಬಿದ್ದ ಸೈನಿಕರಿಗೆ ಮೊದಲು ಹೊರಬಾಯಿ ಮಾಡಿ ಜೀವ ಉಳಿಸು, ಆಮೇಲೆ ಮುಚ್ಚು ಎಂಬುದು ರೂಢಿಯಾಯಿತು.

ಚೀಲದ ಕಥೆಯೂ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೊರೆನ್ಸೆನ್ ಎಂಬ ನರ್ಸು, ಸ್ಟೋಮಾ ಆದ ತನ್ನ ತಂಗಿ ಸೋರುವ ಭಯಕ್ಕೆ ಮನೆಬಿಟ್ಟು ಹೊರಬರದಿದ್ದುದನ್ನು ಕಂಡು, ಚರ್ಮಕ್ಕೆ ಅಂಟುವ ಪ್ಲಾಸ್ಟಿಕ್ ಚೀಲವನ್ನು ಯೋಚಿಸಿದಳು. ಅದಕ್ಕೂ ಮೊದಲು ಜನ ಬಟ್ಟೆ, ಸ್ಪಂಜು, ರಬ್ಬರು, ಡಬ್ಬಿಗಳನ್ನು ಕಟ್ಟಿಕೊಂಡು ದಿನ ಕಳೆದವರೇ. ತಂಗಿಯ ನಾಚಿಕೆ ನೋಡಲಾರದ ಅಕ್ಕನೊಬ್ಬಳಿಂದ ಲೋಕದಲ್ಲಿ ಎಷ್ಟು ಜನ ಬೀದಿಗೆ ಬಂದರು ನೋಡಿ.

ಈಗ ಪೋಪರ ಕಥೆಗೆ ಬರೋಣ. 1981ರ ಮೇ 13ರಂದು ರೋಮ್ ನಗರದ ಸಂತ ಪೀಟರರ ಚೌಕದಲ್ಲಿ ಅವರ ಹೊಟ್ಟೆಗೆ ಗುಂಡು ಬಿತ್ತು. ಜೆಮೆಲ್ಲಿ ಆಸ್ಪತ್ರೆಯಲ್ಲಿ ಐದು ತಾಸಿಗೂ ಹೆಚ್ಚು ಆಪರೇಷನ್ ನಡೆಯಿತು. ಸುಮಾರು 55 ಸೆಂಟಿಮೀಟರ್ ಕರುಳು ತೆಗೆದರು, ತಾತ್ಕಾಲಿಕವಾಗಿ ಹೊರಬಾಯಿ ಮಾಡಿದರು. ಜೂನ್ 3ರಂದು ಮನೆಗೆ ಹೋದರು. ಆದರೆ ಜ್ವರ ಬಿಡಲಿಲ್ಲ, ಜೂನ್ 20ಕ್ಕೆ ಮತ್ತೆ ಆಸ್ಪತ್ರೆ. ಕೊಟ್ಟ ರಕ್ತದಿಂದ ಬಂದ ವೈರಸ್ಸಿನ ಸೋಂಕು ಅದು ಎಂದು ಪತ್ತೆಯಾಯಿತು. ದೇಹ ಇನ್ನಷ್ಟು ಸುಧಾರಿಸಲಿ, ಚೀಲ ತೆಗೆಯುವುದನ್ನು ಮುಂದಕ್ಕೆ ಹಾಕೋಣ ಎಂದು ಕೆಲವು ವೈದ್ಯರು ಹೇಳಿದರು. ಪೋಪರು ಒಪ್ಪಲಿಲ್ಲ. ಪೂರ್ತಿ ಗುಣವಾಗಿಯೇ ಆಸ್ಪತ್ರೆ ಬಿಡುತ್ತೇನೆ ಎಂದು ಹಟ ಹಿಡಿದರು. ವೈದ್ಯರ ಸಭೆಗೆ ತಮಾಷೆಯಾಗಿ ಯೆಹೂದಿ ಧರ್ಮಸಭೆಯ ಹೆಸರಿಟ್ಟು, ಇವತ್ತು ಸಭೆ ಏನು ತೀರ್ಪು ಕೊಟ್ಟಿತು ಎಂದು ಕೇಳುತ್ತಿದ್ದರಂತೆ. ರೋಗಿ ಚಿಕಿತ್ಸೆಯ ವಸ್ತುವಾಗಿ ಮಲಗಿಬಿಡಬಾರದು, ತನ್ನ ಕಾಯಿಲೆಯ ಬಗ್ಗೆ ಅವನೂ ಮಾತಾಡಬೇಕು ಎಂಬುದು ಅವರ ವಾದ. ಕೊನೆಗೆ ಆಗಸ್ಟ್ 5ರಂದು ಆಪರೇಷನ್ ಆಯಿತು, 14ರಂದು ಬಿಡುಗಡೆ. ಅಲ್ಲಿಂದ ಕಾಸ್ತೆಲ್ ಗಾಂದೊಲ್ಫೊ ಎಂಬ ಬೆಟ್ಟದೂರಿನ ಮನೆಯಲ್ಲಿ ವಿಶ್ರಾಂತಿ.

ಆ ವಿಶ್ರಾಂತಿಯಲ್ಲಿ ಅವರು ಏನು ಮಾಡಿದರು ಗೊತ್ತೇ? ಮನುಷ್ಯನ ದುಡಿಮೆಯ ಕುರಿತು ಬರೆದಿದ್ದ ತಮ್ಮ ಪತ್ರವನ್ನು ತಿದ್ದಿದರು. 'ಲಾಬೊರೆಮ್ ಎಕ್ಸರ್ಸೆನ್ಸ್' ಎಂಬ ಹೆಸರಿನ ಆ ಪತ್ರ 1981ರ ಸೆಪ್ಟೆಂಬರ್ 14ರಂದು ಹೊರಬಂತು. ಮೇ ತಿಂಗಳಲ್ಲೇ ಬರಬೇಕಿದ್ದದ್ದು, ಆಸ್ಪತ್ರೆಯಿಂದ ಬಂದ ಮೇಲೆಯೇ ಅಂತಿಮವಾಗಿ ತಿದ್ದಲು ಆಯಿತು ಎಂದು ಅದರಲ್ಲೇ ಹೇಳಿಕೊಂಡಿದ್ದಾರೆ. ಕೂಲಿಕಾರನ ಬಗ್ಗೆ ಬರೆಯುವವನಿಗೆ ಬೆಟ್ಟದ ತಂಪು, ಸ್ವಂತ ಕೋಣೆ, ಸ್ವಂತ ಕಕ್ಕಸು, ಪಕ್ಕದಲ್ಲೇ ವೈದ್ಯರು. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಅದೇ ಆಪರೇಷನ್ ಆದ ನಮ್ಮ ಗಾರೆ ಕೆಲಸದವನು ಮರಳುವುದು ಹತ್ತು ಅಡಿಯ ಬಾಡಿಗೆ ಕೋಣೆಗೆ, ಏಳೆಂಟು ಮನೆಗೆ ಒಂದೇ ಕಕ್ಕಸು ಇರುವ ಚಾಳಿಗೆ. ಕರುಳಿಗೆ ಮಾತ್ರ ಪೋಪರೂ ಒಂದೇ, ಗಾರೆಯವನೂ ಒಂದೇ.

ಗೋವೆಯಲ್ಲಿ ರೋಗಿಗಳನ್ನು ನೋಡಿಕೊಂಡ ಇತಿಹಾಸವೂ ಹೀಗೇ ಎರಡು ಮುಖದ್ದು. 1510ರಲ್ಲಿ ಅಲ್ಬುಕರ್ಕ್ ಗೋವೆ ಹಿಡಿದ ಕಾಲಕ್ಕೇ ಶುರುವಾದ ರಾಜಾಸ್ಪತ್ರೆಯಲ್ಲಿ 1608ರಲ್ಲಿ ಪೀರಾರ್ ಎಂಬ ಫ್ರೆಂಚ್ ಪ್ರವಾಸಿ ಕಾಯಿಲೆ ಬಿದ್ದು ಸೇರಿದ್ದ. ಶುಭ್ರ ಹಾಸಿಗೆ, ಚೀನಾದ ಪಿಂಗಾಣಿ ತಟ್ಟೆ, ಕೋಳಿಯ ಊಟ, ಲೋಕದಲ್ಲಿ ಇಂಥ ಆಸ್ಪತ್ರೆ ಇಲ್ಲ ಎಂದು ಹೊಗಳಿ ಬರೆದ. ಆದರೆ ಅದು ಪರದೇಶಿ ಗಂಡಸರಿಗೆ, ಮುಖ್ಯವಾಗಿ ಪೋರ್ಚುಗೀಸ್ ಸೈನಿಕರಿಗೆ ಮೀಸಲು. ಮುಂದೆ 1640ರ ದಶಕದಲ್ಲಿ ಬಂದ ತಾವೆರ್ನಿಯೇ ನೋಡುವ ಹೊತ್ತಿಗೆ ಎಲ್ಲ ಹಾಳಾಗಿತ್ತು. ಗುಣವಾಗುತ್ತಿರುವ ಬಡ ರೋಗಿ ನೀರು ಕೇಳಿದರೂ ಆಳುಗಳು ದುಡ್ಡಿಗೆ ಕೈಚಾಚುತ್ತಿದ್ದರು ಎಂದು ಅವನು ಬರೆದಿದ್ದಾನೆ. ಈ ಪರಂಪರೆಯಲ್ಲೇ 1842ರಲ್ಲಿ ಪಣಜಿಯಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ಕಲ್ಕತ್ತಾ, ಮದ್ರಾಸಿಗಿಂತ ಏಳು ವರ್ಷ ಕಿರಿದು, ಮುಂಬೈಗಿಂತ ಮೂರು ವರ್ಷ ಹಿರಿದು. 1961ರ ವಿಮೋಚನೆಯ ನಂತರ, 1963ರಲ್ಲಿ ಅದೇ ಗೋವಾ ಮೆಡಿಕಲ್ ಕಾಲೇಜು ಆಯಿತು, ಆಮೇಲೆ ಬಾಂಬೊಳಿಗೆ ಸ್ಥಳಾಂತರವಾಯಿತು. ಮಾಂಡವಿ ದಂಡೆಯ ಹಳೆಯ ಕಟ್ಟಡದ ಸುತ್ತ 2004ರಿಂದ ಚಿತ್ರೋತ್ಸವದ ದೀಪಗಳು. ಕಾರವಾರ, ಜೋಯಿಡಾ ಕಡೆಯವರು ಇಂದಿಗೂ ದೊಡ್ಡ ಕಾಯಿಲೆ ಎಂದರೆ ಬಾಂಬೊಳಿ ಎನ್ನುತ್ತಾರೆ. 2018ರ ಜನವರಿಯಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಬಂತು. 2016ರಲ್ಲಿ ಆರಂಭವಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಗೆ ಗೋವೆಯಲ್ಲಿ ಐದು ವರ್ಷ ನೆಲೆಸಿದ ದಾಖಲೆ ಬೇಕಾಯಿತು. ಚೀಲ ಹಾಕುವಾಗ ಪ್ರಾಣದ ಗಡಿಬಿಡಿ, ಕಾಗದ ಯಾರೂ ನೋಡುವುದಿಲ್ಲ. ಚೀಲ ತೆಗೆಸಲು ಹೋಗುವಾಗ ಮಾತ್ರ ತಿಂಗಳುಗಳ ಸಮಯ ಇರುತ್ತದೆ. ಆ ಸಮಯದಲ್ಲಿ ಬಾಡಿಗೆ ಕರಾರು, ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ ಎಲ್ಲ ಒಂದು ಫೈಲಿನಲ್ಲಿ ಸೇರಿಸಿಡಿ ಎಂದು ನಮ್ಮ ಪಾಲಕರಿಗೆ ನಾವು ಹೇಳುತ್ತಲೇ ಇರುತ್ತೇವೆ.

ಇನ್ನು ಮನೆಯ ಮಾತು. ಆಪರೇಷನ್ ಆದ ಮಾರನೆಯ ದಿನದಿಂದ ಡಾಕ್ಟರು, ನರ್ಸು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ನಗಬೇಡಿ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಮಲಗಿದ್ದ ಕೆಳಕರುಳು ಎಚ್ಚರಾಯಿತು ಎಂಬುದಕ್ಕೆ ಅದೇ ಮೊದಲ ಸಾಕ್ಷಿ. ಹಿಂದೆ ಗಾಳಿ ಹೋಗುವವರೆಗೆ ಬಾಯಿಗೆ ತೊಟ್ಟು ನೀರೂ ಹಾಕುತ್ತಿರಲಿಲ್ಲ. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಎಂಬ ಶಸ್ತ್ರವೈದ್ಯರು ಬೇಗ ಎಬ್ಬಿಸಿ ನಡೆಸುವುದು, ಬೇಗ ಸ್ವಲ್ಪ ಸ್ವಲ್ಪ ತಿನ್ನಿಸುವುದೇ ಒಳ್ಳೆಯದೆಂದು ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಈಗ ಎಲ್ಲ ಸರಿಯಿದ್ದರೆ ಕೆಲವೇ ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹಾಗೆಂದರೆ ಮುಂಚೆ ಆಸ್ಪತ್ರೆಯಲ್ಲಿ ಕಳೆಯುತ್ತಿದ್ದ ಕಷ್ಟದ ದಿನಗಳು ಈಗ ಮನೆಯವರ ಪಾಲಿಗೆ ಬಂದಿವೆ.

ಮನೆಗೆ ಬಂದ ಮೊದಲ ವಾರಗಳಲ್ಲಿ ದಿನಕ್ಕೆ ಐದಾರು ಸಲ, ಗುದದ ಕ್ಯಾನ್ಸರ್ ಆಪರೇಷನ್ ಆದವರಿಗೆ ಹತ್ತು ಹದಿನೈದು ಸಲವೂ ಕಕ್ಕಸಿಗೆ ಓಡಬೇಕಾಗಬಹುದು. ಬಂತು ಎಂದರೆ ತಡೆಯಲಾಗದು. ಹೋಗಿ ಬಂದು ಕೂತ ಮೇಲೆ ಮತ್ತೆ ಹೋಗಬೇಕೆನ್ನಿಸುವುದು. ಚೀಲವೇ ವಾಸಿಯಿತ್ತು ಎಂದು ಅಳುವವರನ್ನು ನಾವು ಕಂಡಿದ್ದೇವೆ. ಆಪರೇಷನ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಮಲವನ್ನು ಹಿಡಿದಿಡುವ ಚೀಲದಂಥ ಭಾಗವನ್ನೇ ಕತ್ತರಿಸಿರುತ್ತಾರೆ, ಬಿಗಿಹಿಡಿಯುವ ಸ್ನಾಯು ತಿಂಗಳುಗಟ್ಟಲೆ ಸುಮ್ಮನಿತ್ತು. ಸುಧಾರಿಸಲು ತಿಂಗಳುಗಳು, ಕೆಲವರಿಗೆ ವರ್ಷವೂ ಬೇಕು. ಕೆಲವರಿಗೆ ಮೊದಲಿನಂತೆ ಆಗುವುದೇ ಇಲ್ಲ. ಗಾಳಿ ತಡೆಯುವಾಗ ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯುವಿಗೆ ವ್ಯಾಯಾಮವಿದೆ, ಡಾಕ್ಟರನ್ನು ಕೇಳಿದರೆ ಹೇಳಿಕೊಡುತ್ತಾರೆ. ಪದೇ ಪದೇ ತೊಳೆದು ಚರ್ಮ ಉರಿಯುತ್ತದೆ. ನೀರಲ್ಲಿ ಮೆಲ್ಲಗೆ ತೊಳೆದು, ಮೆತ್ತನೆ ಹತ್ತಿಬಟ್ಟೆ ಒತ್ತಿ ಒಣಗಿಸಿ, ಅವರು ಕೊಟ್ಟ ಮುಲಾಮು ಹಚ್ಚಬೇಕು. ಉಜ್ಜಬಾರದು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನವನ ಮಾತಿಗೆ ನುಂಗುವುದಂತೂ ಬೇಡ.

ಊಟಕ್ಕೆ ಬಂದರೆ ಗೋವೆಯ ನೆಲವೇ ಉತ್ತರ ಕೊಡುತ್ತದೆ. 1534ರಲ್ಲಿ ಇಲ್ಲಿಗೆ ಬಂದ ಗಾರ್ಸಿಯಾ ದ ಒರ್ತಾ ಎಂಬ ಪೋರ್ಚುಗೀಸ್ ವೈದ್ಯ 1563ರಲ್ಲಿ ಗೋವೆಯಲ್ಲೇ ತನ್ನ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ವಾಂತಿಭೇದಿಯಲ್ಲಿ ಬಳಲಿದವರಿಗೆ ಇಲ್ಲಿನ ವೈದ್ಯರು ಮೆಣಸು ಜೀರಿಗೆ ಹಾಕಿದ ಅಕ್ಕಿಗಂಜಿ ಕೊಡುತ್ತಾರೆ ಎಂದು ಅದರಲ್ಲಿ ಬರೆದಿದ್ದಾನೆ. ಅವನು ಬರೆದ ಪದವೂ ನಮ್ಮ ಗಂಜಿಯದೇ ರೂಪ! (ಪಾಪ, ಯೆಹೂದಿ ಮೂಲದವನೆಂದು ಸತ್ತ ಹನ್ನೆರಡು ವರ್ಷದ ಮೇಲೆ, 1580ರಲ್ಲಿ, ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಗಂಜಿಯ ಗುಣ ಹೇಳಿದವನಿಗೆ ಸಿಕ್ಕ ಮರ್ಯಾದೆ.) ಕೊಂಕಣಿಯವರು ಪೇಜ್ ಎನ್ನುವುದು ಇದನ್ನೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆಯ ನೀರಿನಿಂದ ಸಾವಿರಾರು ಜೀವ ಉಳಿಸಿದರು. ಸಕ್ಕರೆಯ ಬದಲು ಅಕ್ಕಿಯ ಹಿಟ್ಟೂ ಅದೇ ಕೆಲಸ ಮಾಡುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು. ಅಕ್ಕಿಯ ಪಿಷ್ಟ ಒಡೆದು ಸಕ್ಕರೆಯಾಗಿ, ಉಪ್ಪನ್ನೂ ನೀರನ್ನೂ ಕರುಳಿನೊಳಗೆ ಎಳೆದುಕೊಳ್ಳುತ್ತದೆ.

ನಮ್ಮ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರಿಗೆ ಗಂಜಿ ಎಂದರೆ ಕಾಯಿಲೆಯವರ ಊಟ, ಎರಡೇ ದಿನಕ್ಕೆ ಬೇಸರ. "ರೊಟ್ಟಿ ತಿನ್ನದ ಮೈಗೆ ಶಕ್ತಿ ಎಲ್ಲಿಂದ ಬರಬೇಕ್ರೀ" ಎಂದು ನಮ್ಮ ಶಾಲೆಯ ಮಗುವಿನ ಅಜ್ಜಿಯೊಬ್ಬರು ಹಟ ಹಿಡಿದು ಮಗನಿಗೆ ಖಡಕ್ ರೊಟ್ಟಿ, ಕೆಂಪು ಚಟ್ನಿ ತಿನ್ನಿಸಿದ್ದರು. ಆ ರಾತ್ರಿ ಚಾಳಿನ ಸಾಲಿನಲ್ಲಿ ನಿಂತವನ ಪಾಡು ಕೇಳಬೇಡಿ. ಮೊದಲ ಕೆಲವು ವಾರ ಮೆತ್ತಗಿನ ಅನ್ನ, ಗಂಜಿ, ತಿಳಿ ಬೇಳೆ, ಮೊಸರು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಇಂಥವು ಸಾಕು. ಒಮ್ಮೆಗೇ ಹೊಟ್ಟೆತುಂಬ ಬೇಡ, ಐದಾರು ಸಲ ಸ್ವಲ್ಪ ಸ್ವಲ್ಪ. ಹಸಿ ಉಳ್ಳಾಗಡ್ಡಿ, ಮೆಕ್ಕೆಜೋಳ, ಕೊಬ್ಬರಿ ಚೂರು, ಶೇಂಗಾ, ಖಾರ ದೂರವಿರಲಿ. ರೊಟ್ಟಿ ಎಲ್ಲಿಗೂ ಓಡಿಹೋಗುವುದಿಲ್ಲ. ಡಾಕ್ಟರು ಹೂಂ ಎಂದ ಮೇಲೆ ಅರ್ಧ ಬಿಸಿರೊಟ್ಟಿಯಿಂದ ಶುರುಮಾಡಿದರಾಯಿತು.

ಚೀಲವಿದ್ದ ಜಾಗದ ಗಾಯವನ್ನು ಎಷ್ಟೋ ಸಲ ಪೂರ್ತಿ ಹೊಲಿಯದೆ ನಡುವೆ ಸಣ್ಣ ತೂತು ಬಿಡುತ್ತಾರೆ. ಅದು ಮರೆವಲ್ಲ, ಒಳಗಿನ ಕೊಳೆ ಹೊರಬಂದು ಕೆಳಗಿನಿಂದ ತುಂಬಿಕೊಳ್ಳಲೆಂದು ಬಿಟ್ಟಿದ್ದು. ಆರು ವಾರವಾದರೂ ಭಾರ ಎತ್ತುವಂತಿಲ್ಲ, ಎತ್ತಿದರೆ ಅಲ್ಲಿಯೇ ಹರ್ನಿಯಾ ಬರಬಹುದು. ತುಂಬಿದ ಕೊಡವೇ ಹದಿನೈದು ಕಿಲೋ ಮೇಲೆ, ಸಿಮೆಂಟ್ ಚೀಲ ಐವತ್ತು ಕಿಲೋ. ದಿನಗೂಲಿಯವನಿಗೆ ಆರು ವಾರ ಎಂದರೆ ಮೂವತ್ತಾರು ಹಾಜರಿ. ಇಲ್ಲಿಯೇ ಎಲ್ಲ ಸಲಹೆ ಮುರಿದುಬೀಳುವುದು. ಪೋಪರು ಸಹ ರೋಮಿನ ಚೌಕದ ಬುಧವಾರದ ಸಭೆಗೆ ಮರಳಿದ್ದು ಅಕ್ಟೋಬರ್ 7ಕ್ಕೆ, ಎರಡು ತಿಂಗಳಾದ ಮೇಲೆ. ನಮ್ಮಲ್ಲಿ ಕೆಲವು ಮುಕಾದಮರು ಇಂಥವರನ್ನು ಸ್ವಲ್ಪ ದಿನ ಕಾವಲಿಗೋ ಲೆಕ್ಕ ಬರೆಯುವುದಕ್ಕೋ ಹಾಕುತ್ತಾರೆ, ಕೇಳಿ ನೋಡಬೇಕು. ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿ ಮಲ ಎರಡೂ ನಿಂತರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಅಥವಾ ಮಲ ಕಂಡರೆ, ರಕ್ತ ಹೋದರೆ ಗಂಜಿಯ ಮೇಲೆ ನಂಬಿಕೆ ಇಡದೆ ಆಸ್ಪತ್ರೆಗೆ ಓಡಬೇಕು, 108ಕ್ಕೆ ಫೋನು ಮಾಡಬೇಕು.

ಕೊನೆಯದಾಗಿ ನಮ್ಮ ಶಾಲೆಗಳ ಮಾತು. ದ್ಯುರೇ ಉಳಿಸಿದ ಕೂಸಿನಂಥ ಮಕ್ಕಳು ಈಗ ಕಾಯಂ ಚೀಲದಲ್ಲಿ ಬದುಕಬೇಕಿಲ್ಲ. 1948ರಲ್ಲಿ ಸ್ವೆನ್ಸನ್ ಎಂಬ ಅಮೆರಿಕದ ವೈದ್ಯರು ನರತಂತುಗಳಿಲ್ಲದ ಕರುಳಿನ ಕಾಯಿಲೆಗೆ, 1980ರ ದಶಕದಲ್ಲಿ ಮೆಕ್ಸಿಕೋದ ಆಲ್ಬರ್ಟೊ ಪೆನ್ಯಾ ಮಲದ್ವಾರವಿಲ್ಲದ ಮಕ್ಕಳಿಗೆ ಹೊಸ ಆಪರೇಷನ್ ದಾರಿ ತೋರಿದರು. ಚೀಲ ಹಾಕಿ, ದ್ವಾರ ಮಾಡಿ, ಚೀಲ ತೆಗೆಯುವ ಹೊತ್ತಿಗೆ ಮಗು ಸಾಮಾನ್ಯವಾಗಿ ಶಾಲೆಗೆ ಬರುವ ವಯಸ್ಸಾಗಿರುವುದಿಲ್ಲ. ಆದರೆ ಒಂದನೆಯ ತರಗತಿಗೆ ಬರುವಾಗಲೂ ಕೆಲವರಿಗೆ ಹಿಡಿತ ಪೂರ್ತಿ ಬಂದಿರುವುದಿಲ್ಲ. "ಸರ್, ಹೊರಗೆ" ಎಂದು ಪದೇ ಪದೇ ಕೇಳುವ ಹುಡುಗನನ್ನು ನಾಟಕ ಮಾಡುತ್ತಾನೆ ಎಂದುಕೊಳ್ಳುವುದು ಸುಲಭ. ಇಂಥ ಮಗು ಇದ್ದರೆ ಪಾಲಕರು ಮುಖ್ಯ ಶಿಕ್ಷಕರಿಗೆ ಗುಟ್ಟಾಗಿ ಒಂದು ಮಾತು ಹೇಳಿದರೆ ಸಾಕು. ಬಾಗಿಲ ಪಕ್ಕದ ಜಾಗ, ಕೇಳದೆಯೇ ಎದ್ದುಹೋಗುವ ಅನುಮತಿ, ಶಾಲೆಯ ಕಪಾಟಿನಲ್ಲಿ ಒಂದು ಜೊತೆ ಚಡ್ಡಿ ಮತ್ತು ಟವೆಲ್ಲು, ಬೀಗ ಹಾಕದ ಶೌಚಾಲಯ, ಅಲ್ಲಿ ತುಂಬಿದ ಬಕೆಟ್ಟು. ಮಧ್ಯಾಹ್ನದ ಊಟದಲ್ಲಿ ಖಾರ ಜಾಸ್ತಿಯಾದ ದಿನ ಆ ಮಗುವಿಗೆ ಮೊಸರನ್ನ ಮನೆಯಿಂದಲೇ ಬರಲಿ.